ಮನೆಗಳಿಗೆ ನೀರು ಕುಡಿಸುವವಳು

ಮೆಟ್ಟಿಲ ಕೆಳಗಿನ ಕೋಣೆಯಿಂದ,
ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ತಂಗ್ಯಮ್ಮನಿಗೆ,

ನಿನ್ನ ಅಕ್ಕನ ತುಂಬು ಮನಸ್ಸಿನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ, ಅದೂ ನಿನ್ನ ಹಾಗೆಯೇ. ನೀನು, ನಿಮ್ಮ ಯಜಮಾನರು, ನಮ್ಮ ಪಾಪು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡೇ ಈ ಕಾಗದ ಶುರು ಮಾಡಿದ್ದೇನೆ. ಹಾಗಲ್ಲದಿದ್ದರೆ ಮೊದಲು ಅದನ್ನು ಬರೆ, ಮಿಕ್ಕಿದ್ದೆಲ್ಲ ಆಮೇಲೆ.

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ನಾನು ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿಯಿತ್ತು, ಪೆನ್ನು ಸಿಗಲಿಲ್ಲ ಎಂದೆಲ್ಲ ಬರೆದರೆ ನಂಬುವವಳಲ್ಲ ನೀನು. ನೀನು ಬರೆದದ್ದು ನಾಲ್ಕೇ ಸಾಲು. ಇವರ ದೊಡ್ಡಪ್ಪನ ಊರಿಗೆ ಬಂದಿದ್ದೇವೆ, ಅವರ ಗೋಡೌನಿನಲ್ಲಿ ಒಂದು ಮೂಲೆ ಕೊಟ್ಟಿದ್ದಾರೆ, ಪಾಪುವಿಗೆ ಕೆಮ್ಮು ಎಂದು ಮೂರು ಸಾಲು. ನಾಲ್ಕನೆಯದು, "ನಿನ್ನ ತಪ್ಪೇನೂ ಇಲ್ಲ ಅಕ್ಕ, ನಿನಗೇನು ಗೊತ್ತಿತ್ತು." ಅದೊಂದನ್ನು ಎಷ್ಟು ಸಲ ಬಿಚ್ಚಿ ಓದಿದೆನೋ, ಕಾಗದ ಮಡಿಕೆಯಲ್ಲೇ ಹರಿದುಹೋಗಿದೆ. ಫೋನು ಮಾಡೋಣವೆಂದರೆ ನಿನ್ನ ನಂಬರು ಸತ್ತುಬಿದ್ದಿದೆ. ಇದ್ದಿದ್ದರೂ ಈ ಮಾತುಗಳನ್ನು ಫೋನಿನಲ್ಲಿ ಆಡುತ್ತಿದ್ದೆನೋ ಇಲ್ಲವೋ.

ಇರಲಿ, ಮೊದಲು ಒಳ್ಳೆಯ ಸುದ್ದಿ. ನನಗೆ ಕೋಣೆ ಸಿಕ್ಕಿದೆ ಕಣೇ! ಬಾಡಿಗೆಯಿಲ್ಲದ ಕೋಣೆ! ನಾನು ಕೆಲಸ ಮಾಡುವ ಕಟ್ಟಡದಲ್ಲೇ, ಎರಡನೇ ಬ್ಲಾಕಿನ ಮೆಟ್ಟಿಲ ಕೆಳಗೆ. ಚಾವಣಿ ಇಳಿಜಾರಾಗಿದೆ. ಬಾಗಿಲ ಹತ್ತಿರ ನಿಮ್ಮ ಯಜಮಾನರು ಆರಾಮವಾಗಿ ನಿಲ್ಲಬಹುದು, ನಡುವೆ ನಾವಿಬ್ಬರು, ಆ ತುದಿಗೆ ಹೋದರೆ ಪಾಪು ಒಬ್ಬಳೇ ನೆಟ್ಟಗೆ ನಿಲ್ಲಬಲ್ಲಳು. ಕಟ್ಟಿದವನಿಗೆ ನಮ್ಮ ಮನೆಯವರ ಅಳತೆ ಯಾರು ಕೊಟ್ಟರೋ ಏನೋ. ಕಿಟಕಿ ನೆಲದ ಮಟ್ಟಕ್ಕಿದೆ, ಓಡಾಡುವವರ ಚಪ್ಪಲಿ, ಕಾರಿನ ಚಕ್ರ ಬಿಟ್ಟರೆ ಇನ್ನೇನೂ ಕಾಣದು. ಮೊದಲು ಪೇಂಟಿನ ಡಬ್ಬ ತುಂಬಿಡುತ್ತಿದ್ದರು, ಆ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ನಿಮ್ಮ ಯಜಮಾನರಿಗೆ ಹುಟ್ಟಿದ ಮನೆಗೆ ಬಂದ ಹಾಗಾಗುತ್ತದೆ ಬಿಡು.

ಸ್ವಂತ ಬಚ್ಚಲೂ ಇದೆ, ಹೊರಗಡೆ ಸಾಲು ನಿಲ್ಲುವ ಪಾಡಿಲ್ಲ. ಜಿರಳೆ ಕಾಟ ಮಾತ್ರ ವಿಪರೀತ. ಅಮ್ಮ ಮಾಡುತ್ತಿದ್ದ ಹಾಗೆ ಬಚ್ಚಲ ಜಾಲರಿಯ ಮೇಲೆ ಮಗ್ಗು ಕವುಚಿ, ಅದರ ಬೆನ್ನ ಮೇಲೆ ಸೋಪಿನ ಡಬ್ಬಿ ಹೇರಿದರೆ ಒಂದೂ ಬರುವುದಿಲ್ಲ. "ಬರೀ ಮಗ್ಗಿಟ್ರೆ ಅದನ್ನೂ ಹೊತ್ಕೊಂಡು ಹೋಗ್ತವೆ, ಕಳ್ಳನನ್ಮಕ್ಳು" ಅನ್ನುತ್ತಿದ್ದಳಲ್ಲ ಅಮ್ಮ. ಆದರೆ ಈಚೆಗೆ ನನ್ನ ಕೈಯಲ್ಲಿ ಅದನ್ನು ಮಾಡುವುದಕ್ಕಾಗುತ್ತಿಲ್ಲ, ಒಂದು ಇಟ್ಟಿಗೆ ತುಂಡು ಇಟ್ಟಿದ್ದೇನೆ. ನೀನು ಬಂದ ಮೇಲೆ ನೀನೇ ಕವುಚುವಿಯಂತೆ.

ಹೌದು, ನೀವು ಮೂವರೂ ಬಂದುಬಿಡಿ. ಇದನ್ನು ಕೇಳುವುದಕ್ಕೇ ಈ ಕಾಗದ. ಗೋಡೌನಿನ ಮೂಲೆಯಲ್ಲಿ ಗೋಣಿಚೀಲದ ಧೂಳು ಕುಡಿದು ಆ ಮಗು ಯಾಕೆ ಕೆಮ್ಮಬೇಕು? ನಿಮ್ಮನ್ನು ಹಿಡಿದ ಆ ಮ್ಯಾನೇಜರ್ ಕೆಲಸ ಬಿಟ್ಟುಹೋದ. ಕಾವಲಿನವರನ್ನೂ ಏಜೆನ್ಸಿಯವರು ಬದಲಾಯಿಸಿದರು. ನಿಮ್ಮ ಮುಖ ನೋಡಿದವರು ಈಗ ಇಲ್ಲಿ ಯಾರೂ ಇಲ್ಲ. ಹೊಸ ಮ್ಯಾನೇಜರನ್ನು ಕೇಳಿಯೂ ಆಯಿತು. "ನಮ್ಮೋರು ಮೂರು ಜನ ಇದಾರೆ, ಕರ್ಕೊಂಡು ಬರ್ಲಾ ಸಾರ್?" ಅಂದೆ. "ನಿಮ್ಮ ಸ್ವಂತ ತಂಗೀನಾ? ಬರ್ಲಿ ಬಿಡಮ್ಮ, ಗಲಾಟೆ ಒಂದು ಆಗಬಾರದು" ಅಂದ. ಒಳ್ಳೆಯ ಹುಡುಗ, ಆದರೆ ಮಹಾ ಪೆದ್ದು.

ಎಷ್ಟು ಪೆದ್ದು ಅಂತೀಯಾ? ಬಂದ ಮೊದಲ ವಾರ ನನ್ನ ಪುಸ್ತಕ ತಿರುವಿ ಹಾಕಿ, "ನೀರು ಹಾಕೋದು ಅಂತ ಬರ್ದಿದೀರಲ್ಲ, ಏನಮ್ಮ ಇದು? ಗಿಡ ಎಲ್ಲಿವೆ?" ಎಂದು ಕೇಳಿದ. ನನಗೆ ನಗು ತಡೆಯಲಾಗಲಿಲ್ಲ. "ಗಿಡಕ್ಕಲ್ಲ ಸಾರ್, ಮನೆಗೆ" ಅಂದೆ. ಬಚ್ಚಲ ಜಾಲರಿ ಎತ್ತಿ ತೋರಿಸಿದೆ. ಅದರ ಕೆಳಗೆ ಕೊಳವೆಯ ಬಾಗಿನಲ್ಲಿ ಒಂದು ಬಟ್ಟಲಿನಷ್ಟು ನೀರು ನಿಂತೇ ಇರಬೇಕು, ಚರಂಡಿಯ ವಾಸನೆಯನ್ನೂ ಹುಳಹುಪ್ಪಟೆಯನ್ನೂ ಮೇಲೆ ಬಿಡದೆ ತಡೆಯುವುದೇ ಆ ನೀರು. ಜನ ಇದ್ದರೆ ಅದು ತಾನಾಗಿ ತುಂಬುತ್ತದೆ, ಜನ ಇಲ್ಲದಿದ್ದರೆ ಹದಿನೈದು ದಿನಕ್ಕೆ ಆರಿ ಮನೆಯೆಲ್ಲ ನಾರುತ್ತದೆ ಎಂದೆ. ತೊಂಬತ್ತಾರು ಮನೆಯಲ್ಲಿ ಅರವತ್ತಮೂರಕ್ಕೆ ಬೀಗ, ಆ ಅರವತ್ತಮೂರಕ್ಕೂ ಒಂದು ವಾರ ಬಿಟ್ಟು ಒಂದು ವಾರ ನಾನು ಮಗ್ಗಿನಲ್ಲಿ ನೀರು ಹಾಕುತ್ತಾ ಹೋಗುತ್ತೇನೆ ಎಂದೆ. ಅವನು ಬಾಯಿ ಬಿಟ್ಟುಕೊಂಡು ಕೇಳಿದ. ನಮ್ಮ ಪಾಪು ಮೂರು ವರ್ಷಕ್ಕೇ ಇದನ್ನೆಲ್ಲ ಅರ್ಥ ಮಾಡಿಕೊಂಡಿದ್ದಳು. "ದೊಡ್ಡಮ್ಮ ಮನೆಗಳಿಗೆ ನೀರು ಕುಡಿಸೋಕೆ ಹೋಗ್ತಾರೆ" ಎಂದು ಗಲ್ಲಿಗೆಲ್ಲ ಸಾರಿದ್ದಳು, ಹಾಲಿನವನೂ ನನ್ನನ್ನು ಹಾಗೇ ಕರೆಯುತ್ತಿದ್ದ.

ಆ ಗಲ್ಲಿ ಈಗ ಇಲ್ಲ. ಮನೆ ಮಾಲೀಕ ಅಷ್ಟೂ ಕೋಣೆಗಳನ್ನು ಒಟ್ಟಿಗೆ ಮಾರಿದ, ಹತ್ತು ದಿನದಲ್ಲಿ ನೆಲಸಮ ಮಾಡಿದರು. ಅಲ್ಲೂ ಇಂಥದ್ದೇ ಗೋಪುರ ಏಳುತ್ತದಂತೆ. ಅರ್ಧಕ್ಕರ್ಧ ಮನೆ ಪಾಯ ತೋಡುವ ಮೊದಲೇ ಮಾರಾಟವಾಗಿವೆಯಂತೆ. ನನ್ನಂಥ ಇನ್ನೊಬ್ಬಳಿಗೆ ನೀರು ಹಾಕುವ ಕೆಲಸ ಸಿಗುತ್ತದೆ, ಇರುವುದಕ್ಕೆ ಜಾಗ ಮಾತ್ರ ಸಿಗುವುದಿಲ್ಲ.

ಹನ್ನೊಂದು ನಾಲ್ಕರ ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ. ಹನ್ನೊಂದನೇ ಅಂತಸ್ತಿನ ನಾಲ್ಕನೇ ಮನೆ ಈಗಲೂ ಖಾಲಿ. ನೀವು ಹೋದ ಮೇಲೆ ಎರಡು ಸಲ ಕೈ ಬದಲಾಗಿದೆ. ಕೊಂಡವರು ಒಬ್ಬರೂ ಹೊಸ್ತಿಲು ದಾಟಿಲ್ಲ. ಹೋದ ತಿಂಗಳು ಒಬ್ಬ ದಲ್ಲಾಳಿ ಒಬ್ಬ ಹೆಂಗಸನ್ನು ಕರೆತಂದ, ಬೀಗ ತೆಗೆಯಲು ನಾನೇ ಹೋಗಿದ್ದೆ. ಆಕೆ, "ಇದನ್ನ ಬಾಡಿಗೆಗೆ ಕೊಡಬಹುದಲ್ವಾ?" ಎಂದು ಕೇಳಿದಳು. ದಲ್ಲಾಳಿ ಸಣ್ಣ ಮಗುವಿಗೆ ಹೇಳುವಂತೆ, "ಯಾಕೆ ಮೇಡಮ್? ಜನ ಇದ್ದು ಬಿಟ್ರೆ ಹಳೇ ಮನೆ ಆಗೋಗುತ್ತೆ. ಹೀಗೇ ಬೀಗ ಹಾಕಿಟ್ರೆ ಹೊಸದು. ಎರಡು ವರ್ಷ ಸುಮ್ನಿರಿ, ನೀವೇ ನನಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳ್ತೀರ" ಅಂದ. ಆಕೆ ಮತ್ತೆ, "ಇಲ್ಲಿ ಯಾರೂ ಇದ್ದಿಲ್ಲ ತಾನೆ?" ಅಂದಳು. "ಒಂದು ನರಪಿಳ್ಳೆ ಕಾಲಿಟ್ಟಿಲ್ಲ ಮೇಡಮ್. ಬೇಕಾದ್ರೆ ಇವರನ್ನ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದ.

ನಾನು ತಲೆಯಾಡಿಸಿದೆ ಕಣೇ. ಇನ್ನೇನು ಮಾಡಲಿ?

ಅವರು ಹೋದ ಮೇಲೆ ಅಡುಗೆಮನೆಯ ಕಟ್ಟೆಯ ಕೆಳಗಿನ ಖಾನೆ ಒರೆಸಲು ಬಾಗಿಲು ತೆಗೆದೆ. ಒಳಗೆ ಕೊನೆಯಲ್ಲಿ ನೀರಿನ ಬಾಟಲಿಯ ಮುಚ್ಚಳಗಳು, ಹನ್ನೊಂದು, ಚೌಕಾಕಾರವಾಗಿ ಜೋಡಿಸಿಟ್ಟಿದ್ದವು, ಒಂದು ಕಡೆ ಬಾಗಿಲಿಗೆಂದು ಜಾಗ ಬಿಟ್ಟು. ಪಾಪು ಕಟ್ಟಿದ ಮನೆ. ಪೊಲೀಸರ ಕಣ್ಣಿಗೆ, ಮ್ಯಾನೇಜರ್ ಕಣ್ಣಿಗೆ, ಇಷ್ಟು ದಿನ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಷ್ಟು ದೊಡ್ಡ ಖಾಲಿ ಮನೆಯಲ್ಲಿ ಅತ್ತರೆ ದನಿ ಎಷ್ಟು ದೊಡ್ಡದಾಗಿ ಕೇಳಿಸುತ್ತದೆ ಅಂತೀಯಾ, ನನಗೇ ಹೆದರಿಕೆಯಾಯಿತು. ಮುಚ್ಚಳಗಳನ್ನು ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಪಾಪು ಬಂದರೆ ಕೊಡುತ್ತೇನೆ.

ಅಡುಗೆಗೆ ಒಲೆ ಹಚ್ಚುವುದಕ್ಕೆ ಕೈ ಓಡುತ್ತಿಲ್ಲ, ಬರೀ ಬ್ರೆಡ್ಡು ತಿಂದು ಬರೆಯುತ್ತಿದ್ದೇನೆ. ನೀವೂ ಆ ನಲವತ್ತು ದಿನ ಅದನ್ನೇ ತಾನೇ ತಿಂದದ್ದು. ಹೊಗೆ ಕಾಣಬಾರದು, ದೀಪ ಕಾಣಬಾರದು, ಮಗುವಿನ ದನಿ ಕೇಳಬಾರದು. ನಾನು ನಿಮ್ಮನ್ನು ಆ ಸ್ಥಿತಿಗೆ ತಂದೆ ಎನ್ನುವುದನ್ನು ಇವತ್ತು ಬಾಯಿಬಿಟ್ಟು ಹೇಳುತ್ತೇನೆ. ಗಲ್ಲಿಯ ಕೋಣೆಯಲ್ಲಿ ನಾವು ನಾಲ್ಕು ಜನ, ಒಬ್ಬರು ಮಗ್ಗುಲು ಬದಲಿಸಿದರೆ ಮಿಕ್ಕವರೂ ಬದಲಿಸಬೇಕು. ಆ ದಿನ ಹನ್ನೆರಡು ಮನೆಗೆ ನೀರು ಹಾಕಿ, ನೆಲ ಒರೆಸಿ ಬಂದಿದ್ದೆ, ಕಾಲು ಕಿತ್ತುಬರುತ್ತಿತ್ತು. ಪಾಪು ನನ್ನ ಹಾಸಿಗೆಯ ಮೇಲೆ ನೀರು ಚೆಲ್ಲಿದ್ದೇ ನೆಪ. "ಕಾಲು ಚಾಚೋಕೂ ಜಾಗ ಇಲ್ಲ ನನ್ನ ಮನೇಲಿ! ಎಷ್ಟು ದಿನ ಅಂತ ಹೊರಲಿ ನಿಮ್ಮನ್ನ?" ಅಂದುಬಿಟ್ಟೆ. ನನ್ನ ಬಾಯಿಗಿಷ್ಟು ಬೆಂಕಿ ಬೀಳ. ನಿಮ್ಮ ಯಜಮಾನರು ತಲೆ ತಗ್ಗಿಸಿ ಎದ್ದು ಹೊರಗೆ ಹೋದರು. ನೀನು ಹಾಸಿಗೆ ಹಿಂಡಿ ಒಣಗಿಹಾಕಿದೆ. ಅಮ್ಮ ಹೋದಾಗ ನಿನಗೆ ಒಂಬತ್ತು ವರ್ಷ. ಅವತ್ತಿನಿಂದ ನೀನು ನನಗೆ ಎದುರು ಮಾತಾಡಿದ್ದೇ ಇಲ್ಲ.

ಐದೇ ದಿನಕ್ಕೆ ನೀನು ನಗುನಗುತ್ತಾ ಬಂದು, "ಮನೆ ಸಿಕ್ತು ಅಕ್ಕ! ಮೂರು ಬಚ್ಚಲು, ಗಾಳಿ ಅಂದ್ರೆ ಗಾಳಿ. ಕಿಟಕೀಲಿ ನಿಂತ್ರೆ ದೂರದ ನೀರಿನ ಟ್ಯಾಂಕ್ ಕಾಣುತ್ತೆ" ಅಂದೆ. ಪೇಂಟ್ ಹೊಡೆಯುವವನ ಸಂಪಾದನೆಯಲ್ಲಿ ಮೂರು ಬಚ್ಚಲೇ? ಬಡಾಯಿ ಕೊಚ್ಚುತ್ತಿದ್ದಾಳೆ ಎಂದು ಮೂಗು ಮುರಿದೆ. ಎಲ್ಲಿ, ಏನು ಎಂದು ಒಂದು ಮಾತೂ ಕೇಳಲಿಲ್ಲ. ನೀನು ನಿಜವನ್ನೇ ಹೇಳಿದ್ದೆ, ವಿಳಾಸ ಮಾತ್ರ ಹೇಳಿರಲಿಲ್ಲ. ಮೊಳೆಗೆ ನೇತುಹಾಕುತ್ತಿದ್ದ ನನ್ನ ಕೀಲಿ ಗೊಂಚಲಿನಿಂದಲೇ ನೀನು ಒಂದನ್ನು ಒಯ್ದು ನಕಲು ಮಾಡಿಸಿದ್ದೆ. ಯಾವ ಮಂಗಳವಾರ ಹನ್ನೊಂದನೇ ಅಂತಸ್ತಿಗೆ ನೀರು ಎಂದು ನನ್ನ ಮೊಣಕಾಲಿನ ಗೋಳಿನ ಜೊತೆ ನಾನೇ ದಿನಾ ಹೇಳುತ್ತಿದ್ದೆನಲ್ಲ. ನಿಮ್ಮ ಯಜಮಾನರಿಗೆ ಕೆಲಸಗಾರರ ಗೇಟಿನ ಪಾಸ್ ಇತ್ತು. ನಾನು ಸಂಜೆ ಐದಕ್ಕೆ ಹೊರಟ ಮೇಲೆ ಬರುವುದು, ಬೆಳಗ್ಗೆ ನಾನು ಬರುವ ಮುಂಚೆ ಹೊರಡುವುದು. ಮೊದಲ ಎರಡು ಮಂಗಳವಾರ ನಾನು ಬಂದಾಗ ಆ ಮನೆಯ ಬಚ್ಚಲು ಎಲ್ಲ ಮನೆಗಳ ಹಾಗೇ ಒಣಗಿತ್ತು. ನಾನು ಬರುವ ಮುಂಚೆ ನೀನು ಬಟ್ಟೆಯಲ್ಲಿ ನೀರು ಹೀರಿ ಹೀರಿ ತೆಗೆಯುತ್ತಿದ್ದೆ ಅಲ್ಲವಾ? ನನ್ನ ಕೆಲಸವನ್ನು ನನಗಿಂತ ಚೆನ್ನಾಗಿ ಕಲಿತಿದ್ದೀ.

ಮೂರನೆಯ ಸಲ ಮಂಗಳವಾರ ಲಿಫ್ಟು ರಿಪೇರಿಯಿತ್ತು. ಹನ್ನೊಂದು ಅಂತಸ್ತು ಹತ್ತಲಾರೆ ಎಂದು ಸೋಮವಾರವೇ ಹೋದೆ. ಜಾಲರಿ ಎತ್ತಿದೆ, ಒಳಗೆ ಅಂಚಿನವರೆಗೂ ತಿಳಿನೀರು. ನಾನು ಹಾಕದ ನೀರು. ಯಾರೋ ಸ್ನಾನ ಮಾಡಿದ್ದಾರೆ ಎಂದು ನನ್ನ ಕೆಲಸದವರಿಗಲ್ಲದೆ ಬೇರೆಯವರಿಗೆ ತಿಳಿಯುವುದೇ ಇಲ್ಲ. ಪುಸ್ತಕದಲ್ಲಿ ಬರೆದೆ: "ಹನ್ನೊಂದು ನಾಲ್ಕು, ನೀರು ತುಂಬಿದೆ, ಯಾರೋ ಬಳಸುತ್ತಿದ್ದಾರೆ." ಅದನ್ನು ಬರೆಯುವುದೇ ನನ್ನ ಕೆಲಸ ತಾನೇ.

ಆಮೇಲಿನದು ನೀನೂ ಕಂಡದ್ದೇ. ಆದರೂ ನನ್ನ ಎದೆಯಿಂದ ಇಳಿಯಲಿ ಎಂದು ಬರೆಯುತ್ತೇನೆ. ಪುಸ್ತಕ ನೋಡಿದ ಮ್ಯಾನೇಜರ್ ನನ್ನನ್ನೂ ಐದೂವರೆಯವರೆಗೆ ನಿಲ್ಲಿಸಿಕೊಂಡ. ಬಾಗಿಲು ತೆಗೆದಾಗ ನೀನು ಗೋಡೆಗೆ ಒರಗಿ ಪಾಪುವಿಗೆ ತಲೆ ಬಾಚುತ್ತಿದ್ದೆ. ಪಾಪು ನನ್ನನ್ನು ನೋಡಿ ಕುಣಿದುಕೊಂಡು ಬರುವುದು ಬಿಟ್ಟು, ತುಟಿಯ ಮೇಲೆ ಬೆರಳಿಟ್ಟು, "ಮೆತ್ತಗೆ, ಮೆತ್ತಗೆ" ಎಂದು ಪಿಸುಗುಟ್ಟಿದಳು. ಮ್ಯಾನೇಜರ್ ನನ್ನ ಕಡೆ ತಿರುಗಿ, "ಇವರು ನಿಮಗೆ ಗೊತ್ತಾ?" ಅಂದ. ನಾನು ಬಾಯಿ ತೆರೆಯುವ ಮೊದಲೇ ನೀನು ಪಾಪುವಿನ ಬಾಯಿಗೆ ಸೆರಗು ಒತ್ತಿ ಹಿಡಿದು, "ಇವರ್ಯಾರೋ ನಮಗೆ ಗೊತ್ತಿಲ್ಲ ಸಾರ್" ಅಂದೆ. ನಿಮ್ಮ ಯಜಮಾನರು ಮುಂದೆ ಬಂದು, "ಪೇಂಟಿಂಗ್ ಟೈಮಲ್ಲಿ ಕೀಲಿ ನಾನೇ ಇಟ್ಕೊಂಡಿದ್ದೆ, ಇವರದ್ದೇನೂ ಇಲ್ಲ" ಅಂದರು. ನನ್ನ ಕೆಲಸ ಉಳಿಯಲಿ ಎಂದು ಗಂಡ ಹೆಂಡತಿ ಇಬ್ಬರೂ ಒಂದೊಂದು ಸುಳ್ಳು ಹೇಳಿದಿರಿ. ನಿಮ್ಮ ಯಜಮಾನರು ಎರಡು ದಿನ ಪೊಲೀಸ್ ಸ್ಟೇಷನ್ನಿನಲ್ಲಿದ್ದರು. ಕಂಟ್ರಾಕ್ಟರ್ ಅವರನ್ನು ಕೆಲಸದಿಂದ ತೆಗೆದ. ನೀವು ಊರು ಬಿಟ್ಟಿರಿ. ಬಸ್ಸಿನ ಹತ್ತಿರವೂ ನಾನು ಬರಲಿಲ್ಲ, ಯಾರಾದರೂ ನೋಡಿಯಾರು ಎಂದು.

ಸೋಮವಾರ ಬೆಳಗ್ಗೆ

ನಿನ್ನೆ ಅಲ್ಲಿಗೇ ಪೆನ್ನು ಕೆಳಗಿಟ್ಟೆ. ಈಗ ಕೆಲಸಕ್ಕೆ ಹೊರಡುವ ಮೊದಲು ಮುಗಿಸುತ್ತೇನೆ.

ಇಲ್ಲಿ ಕೆಲಸ ಸಿಗುತ್ತದೆ, ಅದರ ಚಿಂತೆ ಬೇಡ. ಮೂರನೇ ಬ್ಲಾಕಿಗೆ ಹೊಸದಾಗಿ ಬಣ್ಣ ಹೊಡೆಸುತ್ತಾರಂತೆ, ಕಂಟ್ರಾಕ್ಟರ್ ಬೇರೆಯವನು. ನಿನಗೆ ಎದುರು ರಸ್ತೆಯ ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ ಕೇಳಿಟ್ಟಿದ್ದೇನೆ. ಪಾಪುವಿಗೆ ಇಳಿಜಾರು ಚಾವಣಿಯ ಕೆಳಗಿನ ಮೂಲೆ ಅವಳದೇ ಎಂದು ಹೇಳು. ಅಲ್ಲಿ ಅವಳು ಎಷ್ಟು ಜೋರಾಗಿ ಬೇಕಾದರೂ ಕೂಗಬಹುದು. ಅವಳು ಈಗಲೂ ಪಿಸುದನಿಯಲ್ಲೇ ಮಾತಾಡುತ್ತಾಳೆ ಎಂದು ನಿಮ್ಮೂರಿನಿಂದ ಬಂದ ಲಾರಿ ಡ್ರೈವರ್ ಹೇಳಿದ. ಬಾ ತಾಯಿ, ಬೇಗ ಬಾ. ಮೆಟ್ಟಿಲ ಮೇಲೆ ಯಾರಾದರೂ ಇಳಿದರೆ ದಡದಡ ಸದ್ದಾಗುತ್ತದೆ, ಅಷ್ಟೇ. ಇಡೀ ಬ್ಲಾಕಿನಲ್ಲಿ ಇಳಿಯುವ ಜನವೇ ಇಲ್ಲವಲ್ಲ.

ಪಾಪುವಿಗೆ ನೂರು ವರ್ಷ ಆಯಸ್ಸು, ಗಟ್ಟಿ ದನಿ. ನಿಮ್ಮ ಯಜಮಾನರಿಗೆ ಕೈತುಂಬ ಕೆಲಸ. ನಿನಗೆ ನಿನ್ನದೇ ಆದ ಒಂದು ಹೊಸ್ತಿಲು. ಇಷ್ಟನ್ನು ಬೇಡಿಕೊಳ್ಳುತ್ತೇನೆ, ಕೊಡುವವರು ಯಾರಿದ್ದಾರೋ ಅವರು ಕೊಡಲಿ.

ಇಂತಿ,
ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ತಾ.ಕ. ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ.

"ನಿನಗೇನು ಗೊತ್ತಿತ್ತು" ಎಂದು ನೀನು ಬರೆದಿದ್ದೆ. ಗೊತ್ತಿತ್ತು ಕಣೇ.

ಅವತ್ತು ಬಚ್ಚಲ ಬಾಗಿಲು ತೆಗೆದಾಗ ನಾನು ಮೊದಲು ಕಂಡದ್ದು ನೀರಲ್ಲ. ಜಾಲರಿಯ ಮೇಲೆ ಮಗ್ಗು ಕವುಚಿತ್ತು. ಅದರ ಬೆನ್ನ ಮೇಲೆ ಸೋಪಿನ ಡಬ್ಬಿ. ಹಾಗೆ ಇಡುವವರು ಈ ಲೋಕದಲ್ಲಿ ಮೂರೇ ಜನ. ಅಮ್ಮ ಇಲ್ಲ, ನಾನು ಬಾಗಿಲಲ್ಲಿ ನಿಂತಿದ್ದೆ. ಮೂರು ಬಚ್ಚಲು, ಗಾಳಿ, ಕಿಟಕಿಯಲ್ಲಿ ನೀರಿನ ಟ್ಯಾಂಕು, ಎಲ್ಲ ಒಮ್ಮೆಗೇ ತಿಳಿಯಿತು. ಕೆಲಸ ಹೋದೀತೆಂಬ ಹೆದರಿಕೆಯಿಂದ ಬರೆದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೆದರಿಕೆಯಲ್ಲ, ಹೊಟ್ಟೆಕಿಚ್ಚು. ಇಷ್ಟು ಬೆಳಕಿರುವ ಮನೆಯಲ್ಲಿ ಇದ್ದಾಳೆ, ಒಂದು ದಿನ ಬಾ ಅಕ್ಕ, ಕಾಲು ಚಾಚಿ ಮಲಗು ಅನ್ನಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಅದು ಬೇರೆಯವರ ಮನೆ ಎನ್ನುವುದನ್ನು ನೀನು ನಲವತ್ತು ದಿನ, ಒಂದು ಗಳಿಗೆಯೂ ಮರೆತಿರಲಿಲ್ಲ. ಆ ಗಳಿಗೆಯಲ್ಲಿ ಮರೆತವಳು ನಾನು.

ಸೋಪಿನ ಡಬ್ಬಿಯನ್ನು ಎತ್ತಿ ಗೂಡಿನಲ್ಲಿಟ್ಟೆ. ಮಗ್ಗನ್ನು ನೆಟ್ಟಗೆ ಮಾಡಿಟ್ಟೆ. ಆಮೇಲೆ ಪುಸ್ತಕ ತೆಗೆದು ಬರೆದೆ.

ಈ ಕೋಣೆ ನನಗೆ ಸಿಕ್ಕಿದ್ದು ಆ ಒಂದು ಸಾಲಿಗೆ. ಹಳೇ ಮ್ಯಾನೇಜರ್ ಹೋಗುವ ಮುಂಚೆ "ನಿಷ್ಠೆ ಇರೋರಿಗೆ ಇದು" ಎಂದು ಕೊಟ್ಟುಹೋದ. ಇದನ್ನು ಬರೆಯದೆ ನಿನ್ನನ್ನು ಕರೆಸಿಕೊಂಡಿದ್ದರೆ ದಿನಾ ನಿನ್ನ ಮುಖ ನೋಡುವುದು ನನ್ನಿಂದಾಗುತ್ತಿರಲಿಲ್ಲ. ಬಾಗಿಲಿಗೆ ಎರಡು ಕೀಲಿ ಇವೆ. ಒಂದನ್ನು ಕಾಗದದಲ್ಲಿ ಸುತ್ತಿ ಇದರೊಳಗೇ ಇಟ್ಟಿದ್ದೇನೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬರದಿದ್ದರೂ ಅದನ್ನು ವಾಪಸ್ ಮಾತ್ರ ಕಳಿಸಬೇಡ.